ನಗುಮುಖ ಬಂತು, ಅಣು ಬರಲಿಲ್ಲ: ಹತ್ತನೇ ತರಗತಿಯ ಒಂದು ರಸಾಯನಶಾಸ್ತ್ರ ಪ್ರಕರಣ

ಕಿರುಪರೀಕ್ಷೆಯಲ್ಲಿ ಒಂದು ಸುಲಭದ ಪ್ರಶ್ನೆ ಇತ್ತು. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣ ಬರೆದು ಸರಿದೂಗಿಸಿ. ಒಬ್ಬ ಹುಡುಗಿ ಹೀಗೆ ಬರೆದಿದ್ದಳು: ಎಚ್₂ + ಒ₂ → ಎಚ್₂ಒ₂. ಪಕ್ಕದಲ್ಲಿ ಒಂದು ಪಟ್ಟಿಯನ್ನೂ ಮಾಡಿದ್ದಳು. ಹೈಡ್ರೋಜನ್ ಎಡಗಡೆ 2, ಬಲಗಡೆ 2. ಆಕ್ಸಿಜನ್ ಎಡಗಡೆ 2, ಬಲಗಡೆ 2. ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದು 'ಸರಿದೂಗಿದೆ' ಅಂತ ಬರೆದಿದ್ದಳು.

ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಬಲಗಡೆ ಇರುವುದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಕೊಡುತ್ತಾರಲ್ಲ, ಹಾಕಿದ ಕೂಡಲೇ ನೊರೆ ಉಕ್ಕುತ್ತದಲ್ಲ, ಅದು.

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಹುಡುಗಿಗೆ ಕಂಪ್ಯೂಟರ್ ಸಿಮ್ಯುಲೇಷನ್ (ನಾವು ಬದಲಿಸಿದ ಹಾಗೆ ತೆರೆಯ ಮೇಲೆ ಬದಲಾಗುವ ಮಾದರಿ) ಇಟ್ಟುಕೊಂಡು ಸಮೀಕರಣ ಕಲಿಸಿದ ಕಥೆಯನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅವಳ ಹೆಸರು ಬೇಡ, ಶಾಲೆಯ ಹೆಸರೂ ಬೇಡ. 'ಆನ್‌ಲೈನ್‌ನಲ್ಲಿ ಎಲ್ಲಾ ಸಿಗುತ್ತೆ ಮೇಡಂ, ಮಕ್ಕಳು ತಾವೇ ಕಲೀತಾರೆ' ಅನ್ನುವ ಮಾತನ್ನು ತರಬೇತಿಗಳಲ್ಲಿ ಬಹಳ ಕೇಳಿದ್ದೇನೆ. ಸಿಗುವುದು ನಿಜ. ತಾವೇ ಕಲಿಯುತ್ತಾರೆ ಅನ್ನುವುದರ ಬಗ್ಗೆ ನನಗೆ ತಕರಾರಿದೆ.

ಚೌಕ ಹಾಕಿದ್ದೀನಲ್ಲ ಮೇಡಂ

ಹುಡುಗಿ ದಡ್ಡಿಯಲ್ಲ. ಗಣಿತದಲ್ಲಿ ತರಗತಿಗೇ ಚುರುಕು. ಅಪ್ಪ ಜೋಳ, ಶುಂಠಿ ಬೆಳೆಯುತ್ತಾರೆ. ಗೊಬ್ಬರದ ಅಂಗಡಿಯ ಲೆಕ್ಕ ನೋಡುವುದು ಇವಳೇ. ಆದರೆ ರಸಾಯನಶಾಸ್ತ್ರ ಅಂದರೆ ಬಾಯಿಪಾಠ ಅಂತ ಎಲ್ಲೋ ತಲೆಯಲ್ಲಿ ಕೂತುಬಿಟ್ಟಿತ್ತು. ಸೂತ್ರಗಳನ್ನು ಪದ್ಯದ ಹಾಗೆ ಒಪ್ಪಿಸುತ್ತಿದ್ದಳು.

ನಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ. ಅದರ ಮೊದಲ ಅಧ್ಯಾಯವೇ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಕಬ್ಬಿಣವೂ ಹಬೆಯೂ ವರ್ತಿಸುವ ಉದಾಹರಣೆ ಇಟ್ಟುಕೊಂಡು ಸರಿದೂಗಿಸುವುದನ್ನು ಹಂತ ಹಂತವಾಗಿ ತೋರಿಸಿದ್ದಾರೆ. ಪ್ರತಿ ಸೂತ್ರದ ಸುತ್ತ ಒಂದು ಚೌಕ ಹಾಕಿಕೊಳ್ಳಿ, ಚೌಕದ ಒಳಗೆ ಏನನ್ನೂ ಬದಲಾಯಿಸಬೇಡಿ ಅಂತ ಅಲ್ಲಿ ಸ್ಪಷ್ಟವಾಗಿ ಇದೆ. ಒಳ್ಳೆಯ ಉಪಾಯ. ಹುಡುಗಿಯ ಉತ್ತರದಲ್ಲೂ ಚೌಕಗಳಿದ್ದವು. ಮೊದಲು ಸೂತ್ರದ ಕೆಳಗಿನ ಪುಟ್ಟ ಅಂಕಿಯನ್ನು ಬದಲಿಸಿ, ಆಮೇಲೆ ಅದರ ಸುತ್ತ ಚೌಕ ಹಾಕಿದ್ದಳು!

"ಒಳಗೆ ಬದಲಿಸಬಾರದು ಅಂತ ಇದೆಯಲ್ಲಮ್ಮ?" ಅಂದೆ.

"ಚೌಕ ಹಾಕಿದ್ದೀನಲ್ಲ ಮೇಡಂ" ಅಂದಳು.

ಅವಳ ಮಟ್ಟಿಗೆ ಚೌಕವೂ ಉತ್ತರದ ಒಂದು ಅಲಂಕಾರ. ಯಾಕೆ ಬದಲಿಸಬಾರದು ಅನ್ನುವುದು ಗೊತ್ತಾಗಬೇಕಾದರೆ ಚೌಕದ ಒಳಗಿರುವುದು ಒಂದು ವಸ್ತು ಅಂತ ಕಾಣಿಸಬೇಕು. ಅವಳಿಗೆ ಕಾಣಿಸುತ್ತಿದ್ದದ್ದು ಅಕ್ಷರ, ಅಂಕಿ ಅಷ್ಟೇ.

ಅದನ್ನು ಖಚಿತ ಮಾಡಿಕೊಳ್ಳಲು ಒಂದು ಕೆಲಸ ಕೊಟ್ಟೆ. ಸರಿಯಾದ ಸಮೀಕರಣವನ್ನು ನಾನೇ ಬರೆದುಕೊಟ್ಟೆ: 2ಎಚ್₂ + ಒ₂ → 2ಎಚ್₂ಒ. ಇದರಲ್ಲಿರುವುದನ್ನು ಗುಂಡು ಗುಂಡಾಗಿ ಚಿತ್ರ ಬರಿ ಅಂದೆ. ಎಡಗಡೆ ನಾಲ್ಕು ಹೈಡ್ರೋಜನ್‌ಗಳನ್ನು ಒಂದಕ್ಕೊಂದು ಅಂಟಿಸಿ ಸರದ ಹಾಗೆ ಬರೆದಳು. ಬಲಗಡೆ ನಾಲ್ಕು ಹೈಡ್ರೋಜನ್, ಎರಡು ಆಕ್ಸಿಜನ್ ಎಲ್ಲವೂ ಸೇರಿದ ಒಂದೇ ಗೊಂಚಲು. ಅಂದರೆ ಮುಂದಿನ 2 ಮತ್ತು ಕೆಳಗಿನ 2 ಎರಡೂ ಅವಳಿಗೆ ಒಂದೇ. ಎರಡನ್ನೂ ಗುಣಿಸಿದರೆ ನಾಲ್ಕು ಬರುತ್ತದೆ, ಮುಗಿಯಿತು.

ಇದು ಇವಳೊಬ್ಬಳ ಸಮಸ್ಯೆಯಲ್ಲ, ನಮ್ಮೂರಿನದೂ ಅಲ್ಲ. ಅಮೆರಿಕದಲ್ಲಿ ಯಾರೋಕ್ ಎಂಬ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಇದೇ ಇದೆ. ಸಮೀಕರಣವನ್ನು ಸರಿಯಾಗಿ ಸರಿದೂಗಿಸಿದ ಪ್ರೌಢಶಾಲೆಯ ಮಕ್ಕಳಲ್ಲೇ ಹಲವರು ಅದರ ಚಿತ್ರ ಬರೆಯಲಾಗದೆ ಒದ್ದಾಡಿದ್ದರು. ಮೂರು ಹೈಡ್ರೋಜನ್ ಅಣುಗಳನ್ನು ಆರು ಪರಮಾಣುಗಳ ಸರ ಮಾಡಿದವರು ಅಲ್ಲೂ ಇದ್ದರು.

ಗ್ಲಾಸ್ಗೋದ ಅಲೆಕ್ಸ್ ಜಾನ್‌ಸ್ಟೋನ್ 1991ರಲ್ಲಿ ಇದರ ಕಾರಣವನ್ನು ಚೆನ್ನಾಗಿ ಬಿಡಿಸಿ ಹೇಳಿದರು. ರಸಾಯನಶಾಸ್ತ್ರ ಮೂರು ಕಡೆ ನಡೆಯುತ್ತದೆ. ಒಂದು, ಕಣ್ಣಿಗೆ ಕಾಣುವ ವಸ್ತು: ಬಣ್ಣ, ನೊರೆ, ಬಿಸಿ, ವಾಸನೆ. ಎರಡು, ಕಾಣದ ಕಣಗಳು. ಮೂರು, ಕಾಗದದ ಮೇಲಿನ ಚಿಹ್ನೆ. ಪಳಗಿದವರು ಈ ಮೂರರ ನಡುವೆ ಗೊತ್ತೇ ಆಗದಂತೆ ಓಡಾಡುತ್ತಾರೆ. ಮಗು ಮಾತ್ರ ಯಾವುದೋ ಒಂದು ಮೂಲೆಯಲ್ಲಿ ನಿಂತಿರುತ್ತದೆ. ನಮ್ಮ ಹುಡುಗಿ ಮೂರನೆಯ ಮೂಲೆಯಲ್ಲಿ ನಿಂತಿದ್ದಳು. ಮೊದಲನೆಯದನ್ನು ತೋರಿಸಲು ಶಾಲೆಯ ಪ್ರಯೋಗಾಲಯ ಇದೆ, ಸ್ವಲ್ಪ ಮಟ್ಟಿಗಾದರೂ. ಎರಡನೆಯದನ್ನು ಯಾವ ಪ್ರಯೋಗಾಲಯವೂ ತೋರಿಸುವುದಿಲ್ಲ. ಕಂಪ್ಯೂಟರ್ ಬೇಕಾದದ್ದು ಅಲ್ಲಿ.

ಯಾವುದನ್ನು ಬಳಸುವುದು

ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ. ಮೊಬೈಲ್ ಹಿಡಿದರೆ ದೀಕ್ಷಾ ತೆರೆದುಕೊಳ್ಳುತ್ತದೆ. 2017ರಲ್ಲಿ ಶುರುವಾದ ಸರ್ಕಾರದ ವೇದಿಕೆ. ಅಲ್ಲಿ ಹುಡುಗಿ ನೋಡಿದ್ದೆಲ್ಲ ಹೆಚ್ಚಾಗಿ ವಿಡಿಯೋಗಳೇ. ಎಲ್ಲಾ ಅರ್ಥ ಆಯ್ತು ಅಂದಿದ್ದಳು. ವಿಡಿಯೋದ ತೊಂದರೆಯೇ ಅದು. ನೋಡುವಾಗ ಎಲ್ಲಾ ಅರ್ಥವಾಗುತ್ತದೆ.

ಅಮೃತ ವಿಶ್ವವಿದ್ಯಾಪೀಠಂ ಮತ್ತು ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಮುಂಬೈನ ಸಿಡ್ಯಾಕ್ ಸೇರಿ ಮಾಡಿರುವ ಓಲ್ಯಾಬ್ಸ್ ಕೂಡ ಇದೆ. ಅದು ಪ್ರಯೋಗಾಲಯದ ನಕಲು. ಬೀಕರ್, ಲಿಟ್ಮಸ್, ಪ್ರನಾಳ ಎಲ್ಲವೂ ತೆರೆಯ ಮೇಲೆ. ಉಪಕರಣ ಇಲ್ಲದ ಶಾಲೆಗೆ ಬಹಳ ಉಪಯೋಗ. ಆದರೆ ಇವಳಿಗೆ ಬೇಕಾದದ್ದು ಬೀಕರ್ ಅಲ್ಲ, ಅಣು.

ಹಾಗಾಗಿ ಫೆಟ್ (PhET), ವಿಜ್ಞಾನದ ಸಿಮ್ಯುಲೇಷನ್‌ಗಳ ಒಂದು ಸಂಗ್ರಹ. ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಆಗ ಭೌತಶಾಸ್ತ್ರಕ್ಕೆ ಮಾತ್ರ ಇತ್ತು. ಆಮೇಲೆ ರಸಾಯನಶಾಸ್ತ್ರ, ಗಣಿತ ಎಲ್ಲ ಸೇರಿಕೊಂಡವು. ಮೊದಲು ಜಾವಾ, ಫ್ಲ್ಯಾಶ್ ಬೇಕಿತ್ತು. ಈಗಿನವು ಎಚ್‌ಟಿಎಂಎಲ್5ನಲ್ಲಿವೆ. ಇದರಿಂದ ಒಂದು ದೊಡ್ಡ ಅನುಕೂಲ ಇದೆ, ಹಳ್ಳಿಯ ಶಾಲೆಯವರು ಕೇಳಿಸಿಕೊಳ್ಳಿ. ಒಂದು ಸಿಮ್ಯುಲೇಷನ್ ಅಂದರೆ ಒಂದೇ ಫೈಲು. ನೆಟ್ ಇರುವ ಕಡೆ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಸಾಕು. ಆಮೇಲೆ ನೆಟ್ ಬೇಡ, ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ, ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ದುಡ್ಡೂ ಇಲ್ಲ. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಮಳೆ ಬಂದರೆ ನೆಟ್ ಹೋಗುತ್ತದೆ. ಈ ಪಾಠಕ್ಕೆ ಅದರಿಂದ ಒಂದು ದಿನವೂ ತೊಂದರೆ ಆಗಲಿಲ್ಲ.

ಬಾಣ ಒತ್ತುವ ಆಟ

ಸಮೀಕರಣ ಸರಿದೂಗಿಸುವ ಫೆಟ್ ಸಿಮ್ಯುಲೇಷನ್‌ನಲ್ಲಿ ನಾವು ಬಳಸಿದ್ದು ಎರಡು ಭಾಗ. ಒಂದು ಪರಿಚಯ, ಇನ್ನೊಂದು ಆಟ. ಪರಿಚಯದಲ್ಲಿ ಮೂರು ಕ್ರಿಯೆಗಳಿವೆ: ಅಮೋನಿಯಾ ಮಾಡುವುದು, ನೀರನ್ನು ಬೇರ್ಪಡಿಸುವುದು, ಮೀಥೇನ್ ಉರಿಸುವುದು. ಪ್ರತಿ ಸೂತ್ರದ ಮುಂದೆ ಒಂದು ಅಂಕಿ, ಅದರ ಪಕ್ಕ ಮೇಲೆ ಕೆಳಗೆ ಮಾಡುವ ಬಾಣಗಳು. ಮೇಲೆ ಎರಡು ಪೆಟ್ಟಿಗೆ. ಅಂಕಿ ಹೆಚ್ಚಿಸಿದ ಹಾಗೆ ಪೆಟ್ಟಿಗೆಯಲ್ಲಿ ಅಷ್ಟು ಅಣುಗಳು ಬಂದು ಕೂರುತ್ತವೆ. ಎರಡೂ ಕಡೆಯ ಪರಮಾಣುಗಳ ಎಣಿಕೆ ತೋರಿಸುವ ತಕ್ಕಡಿಯನ್ನೋ ಕಂಬದ ನಕ್ಷೆಯನ್ನೋ ತೆರೆದಿಟ್ಟುಕೊಳ್ಳಬಹುದು. ಸರಿದೂಗಿದ ಕೂಡಲೇ ಒಂದು ನಗುಮುಖ ಬರುತ್ತದೆ.

ಮೊದಲ ದಿನ ಬೇಕೆಂದೇ ಏನೂ ಹೇಳಿಕೊಡಲಿಲ್ಲ. ಅವಳ ಪಾಡಿಗೆ ಬಿಟ್ಟರೆ ಏನು ಮಾಡುತ್ತಾಳೆ ನೋಡಬೇಕಿತ್ತು. ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ.

ಅವಳು ಪೆಟ್ಟಿಗೆಗಳ ಕಡೆ ಕಣ್ಣೇ ಹಾಯಿಸಲಿಲ್ಲ. ಕಂಬದ ನಕ್ಷೆ ತೆರೆದುಕೊಂಡಳು. ಬಾಣ ಒತ್ತಿದಳು, ಕಂಬ ನೋಡಿದಳು, ಮತ್ತೆ ಒತ್ತಿದಳು. ನಗುಮುಖ ಬಂತು. ಮುಂದಿನ ಕ್ರಿಯೆ. ಪರಿಚಯದ ಭಾಗದಲ್ಲಿ ಅಂಕಿಗಳು 0ಯಿಂದ 3ರವರೆಗೆ ಮಾತ್ರ ಹೋಗುತ್ತವೆ. ಹಾಗಾಗಿ ತಲೆ ಓಡಿಸದೆಯೂ ಒತ್ತುತ್ತಾ ಹೋದರೆ ಯಾವಾಗಲೋ ಉತ್ತರ ಸಿಕ್ಕೇ ಸಿಗುತ್ತದೆ. ಇವಳಂತೂ ಲೆಕ್ಕದ ಹುಡುಗಿ. ಅಷ್ಟು ಒತ್ತಬೇಕಾಗಿಯೂ ಬರಲಿಲ್ಲ.

ಆಮೇಲೆ ಆಟ. ಒಂದು ಹಂತಕ್ಕೆ ಐದು ಪ್ರಶ್ನೆ. ಮೊದಲ ಸಲಕ್ಕೇ ಸರಿಯಾದರೆ ಎರಡು ಅಂಕ, ಎರಡನೇ ಸಲಕ್ಕೆ ಒಂದು. ಮೊದಲ ಹಂತದಲ್ಲಿ ಹತ್ತಕ್ಕೆ ಹತ್ತು ತಂದಳು. ಖುಷಿಯೋ ಖುಷಿ. "ಮೇಡಂ, ಇದು ಸುಲಭ ಅಲ್ವಾ!" ಅಂದಳು.

ಅವತ್ತೇ ಸಂಜೆ ಕಾಗದ ಕೊಟ್ಟು ಮೊದಲಿನ ಚಿತ್ರವನ್ನೇ ಮತ್ತೆ ಕೇಳಿದೆ. ಸರ ಹಾಗೇ ಇತ್ತು, ಗೊಂಚಲೂ ಹಾಗೇ ಇತ್ತು.

ಈ ಪ್ರಕರಣ ಬರೆಯಬೇಕು ಅನ್ನಿಸಿದ್ದೇ ಈ ಜಾಗದಲ್ಲಿ. ಸಿಮ್ಯುಲೇಷನ್ ಚೆನ್ನಾಗಿದೆ. ಮಗು ಚುರುಕಾಗಿದೆ. ಅಂಕ ಪೂರ್ತಿ ಬಂದಿದೆ. ಕಲಿಕೆ ಸೊನ್ನೆ. ಅಣುಗಳ ಚಿತ್ರ ಅವಳ ಕಣ್ಣೆದುರೇ ಇತ್ತು. ಉತ್ತರಕ್ಕೆ ಅದು ಬೇಕಾಗಲಿಲ್ಲ, ಅದಕ್ಕೇ ನೋಡಲಿಲ್ಲ. ಅವಳ ತಪ್ಪೇನಿದೆ ಹೇಳಿ? ಯಾವುದಕ್ಕೆ ಅಂಕ ಇದೆಯೋ ಮಕ್ಕಳು ಅದನ್ನು ಮಾಡುತ್ತಾರೆ. ನಾವೇ ಹಾಗೆ ಬೆಳೆಸಿದ್ದೇವೆ.

ಪೆಟ್ಟಿಗೆ ಮುಚ್ಚಿ, ಚಿತ್ರ ಬರಿ

ಆ ಅಣುಗಳ ಪೆಟ್ಟಿಗೆಗಳನ್ನು ಮುಚ್ಚಲು ಮೂಲೆಯಲ್ಲಿ ಒಂದು ಪುಟ್ಟ ಗುಂಡಿ ಇದೆ. ಸುಮ್ನೆ ಅಲಂಕಾರಕ್ಕೆ ಇಟ್ಟಂತೆ ಕಾಣುತ್ತದೆ. ಮುಂದಿನ ಪಾಠವೆಲ್ಲ ಆ ಗುಂಡಿಯ ಮೇಲೇ ನಿಂತಿತು.

ನಿಯಮ ಬದಲಾಯಿಸಿದೆ. ಪೆಟ್ಟಿಗೆ ಮುಚ್ಚಿರಬೇಕು, ಕಂಬದ ನಕ್ಷೆಯೂ ಬೇಡ. ಅಂಕಿ ಇಟ್ಟ ಮೇಲೆ ಮೌಸ್ ಬಿಡಬೇಕು. ಪೆಟ್ಟಿಗೆಯೊಳಗೆ ಏನಿರುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಬರೆಯಬೇಕು. ಆಮೇಲೆ ಪೆಟ್ಟಿಗೆ ತೆರೆಯಬೇಕು. ಚಿತ್ರ ಹೊಂದದಿದ್ದರೆ ಅಳಿಸುವಂತಿಲ್ಲ. ಪಕ್ಕದಲ್ಲಿ ತೆರೆಯ ಚಿತ್ರವನ್ನು ಬರೆದು, ಎರಡಕ್ಕೂ ಏನು ವ್ಯತ್ಯಾಸ ಅಂತ ಒಂದು ಸಾಲು ಬರೆಯಬೇಕು. ನಗುಮುಖಕ್ಕೆ ಬೆಲೆ ಇಲ್ಲ.

ಮೊದಲು ಅವಳಿಗೆ ಇದು ಶಿಕ್ಷೆಯ ಹಾಗೆ ಅನ್ನಿಸಿತು. ಮುಖ ಊದಿಸಿಕೊಂಡೇ ಕೂತಳು. ಅಮೋನಿಯಾ ತೆಗೆದುಕೊಂಡೆವು. ಒಂದು ನೈಟ್ರೋಜನ್, ಮೂರು ಹೈಡ್ರೋಜನ್, ಎರಡು ಅಮೋನಿಯಾ. ಅಂಕಿಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ಇಟ್ಟಳು. ಆರು ಹೈಡ್ರೋಜನ್‌ಗಳ ಸರ ಬರೆದಳು. ಪೆಟ್ಟಿಗೆ ತೆರೆದಳು. ಅಲ್ಲಿ ಬಿಳಿ ಗುಂಡುಗಳು ಜೋಡಿ ಜೋಡಿಯಾಗಿ, ಮೂರು ಜೋಡಿ, ಬೇರೆ ಬೇರೆ ನಿಂತಿದ್ದವು.

ಸ್ವಲ್ಪ ಹೊತ್ತು ತೆರೆಯನ್ನೂ ನೋಟ್‌ಬುಕ್ಕನ್ನೂ ನೋಡಿದಳು.

"ಇವು ಯಾಕೆ ಬಿಡಿಬಿಡಿಯಾಗಿ ಇವೆ ಮೇಡಂ?"

"ನೀನೇ ಬಾಣ ಒತ್ತಿ ನೋಡು. ಮೂರನ್ನು ಎರಡು ಮಾಡು. ಏನು ಹೋಯಿತು?"

"ಒಂದು ಜೋಡಿ ಹೋಯಿತು."

"ಜೋಡಿಯಲ್ಲಿ ಒಂದನ್ನು ಮಾತ್ರ ತೆಗಿ ನೋಡೋಣ."

ಒತ್ತಿ ನೋಡಿದಳು. ಆಗುವುದಿಲ್ಲ. ಬಾಣ ಯಾವಾಗ ಒತ್ತಿದರೂ ಬರುವುದು ಜೋಡಿ, ಹೋಗುವುದೂ ಜೋಡಿ. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಇದು: 'ಮುಂದಿನ ಅಂಕಿ ಅಂದರೆ ಎಷ್ಟು ಜೋಡಿ. ಕೆಳಗಿನ ಅಂಕಿ ಅಂದರೆ ಜೋಡಿಯಲ್ಲಿ ಎಷ್ಟು.' ಅಮೋನಿಯಾದಲ್ಲಿ ಜೋಡಿಯಲ್ಲ, ನಾಲ್ಕರ ಗುಂಪು ಅನ್ನುವುದು ಸರಿಯೇ. ಆದರೆ ನಾನು ತಿದ್ದಲಿಲ್ಲ. ಮುಂದಿನ ಚಿತ್ರ ಬರೆಯುವಾಗ ಅವಳೇ 'ಜೋಡಿ' ಹೊಡೆದುಹಾಕಿ 'ಗುಂಪು' ಅಂತ ಬರೆದುಕೊಂಡಳು.

ಅಮೋನಿಯಾ ಸಿಕ್ಕಿದ್ದು ಇನ್ನೊಂದು ರೀತಿಯಲ್ಲೂ ಒಳ್ಳೆಯದಾಯಿತು. ಅವರ ಮನೆಯ ಯೂರಿಯಾ ಚೀಲದ ಮಾತು ಬಂತು. ಮಂಗಳೂರಿನ ಪಣಂಬೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಯೂರಿಯಾ ಮಾಡುವುದು ಅಮೋನಿಯಾದಿಂದಲೇ. ತೆರೆಯ ಮೇಲೆ ಅದು ಒಂದು ಬಾಣದ ಗುರುತಿನಲ್ಲಿ ಆಗಿಬಿಡುತ್ತದೆ. ಕಾರ್ಖಾನೆಯಲ್ಲಿ ಕಬ್ಬಿಣದ ವೇಗವರ್ಧಕ ಬೇಕು, ಸುಮಾರು 400 ಡಿಗ್ರಿಗೂ ಮೇಲಿನ ಬಿಸಿ ಬೇಕು, ಗಾಳಿಯ ಒತ್ತಡಕ್ಕಿಂತ ನೂರು ಪಟ್ಟಿಗೂ ಹೆಚ್ಚು ಒತ್ತಡ ಬೇಕು. ಸಿಮ್ಯುಲೇಷನ್ ಇದ್ಯಾವುದನ್ನೂ ಹೇಳುವುದಿಲ್ಲ. ಸರಿದೂಗಿದ್ದೆಲ್ಲ ನಡೆದೇ ನಡೆಯುತ್ತದೆ ಅನ್ನುವ ಭಾವನೆ ಮಕ್ಕಳಲ್ಲಿ ಉಳಿಯುತ್ತದೆ. ಅದನ್ನು ಬಾಯಲ್ಲೇ ಹೇಳಬೇಕು.

ಬಾಣವೇ ಇಲ್ಲದ ಅಂಕಿ

ಚಿತ್ರಗಳು ಸರಿಯಾಗುತ್ತಾ ಬಂದವು. ಆದರೆ ಮೂಲ ತಪ್ಪು ಇನ್ನೂ ಬಾಕಿ ಇತ್ತು. ಕೆಳಗಿನ ಅಂಕಿಯನ್ನು ಬದಲಿಸಬಾರದು ಯಾಕೆ?

ಫೆಟ್‌ನ ಈ ಸಿಮ್ಯುಲೇಷನ್‌ನಲ್ಲಿ ಕೆಳಗಿನ ಅಂಕಿಗೆ ಬಾಣವೇ ಇಲ್ಲ. ಬದಲಿಸಲು ಆಗುವುದೇ ಇಲ್ಲ. ಇದು ಒಳ್ಳೆಯ ವಿನ್ಯಾಸ ಅಂತ ಹೊಗಳುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ತಪ್ಪು ಮಾಡಲು ಅವಕಾಶವೇ ಇಲ್ಲದ ಕಡೆ ತಪ್ಪು ಹೊರಗೆ ಬರುವುದಿಲ್ಲ, ಒಳಗೇ ಉಳಿಯುತ್ತದೆ. ಪರೀಕ್ಷೆಯ ಕಾಗದದಲ್ಲಿ ಅಂಥ ತಡೆ ಏನೂ ಇರುವುದಿಲ್ಲ. ಅಲ್ಲಿ ಪೆನ್ನು ಎಲ್ಲಿ ಬೇಕಾದರೂ ಹೋಗುತ್ತದೆ.

ಅದಕ್ಕೆ ಇನ್ನೊಂದು ಫೆಟ್ ಸಿಮ್ಯುಲೇಷನ್ ತೆರೆದೆವು, ಪರಮಾಣುಗಳನ್ನು ಎಳೆದು ತಂದು ಅಣು ಕಟ್ಟುವುದು. ನೀರು ಕಟ್ಟು ಅಂದೆ. ಕಟ್ಟಿದಳು. ಈಗ ನಿನ್ನ ಪರೀಕ್ಷೆಯ ಉತ್ತರದಲ್ಲಿದ್ದದ್ದನ್ನು ಕಟ್ಟು ಅಂದೆ. ಎರಡು ಆಕ್ಸಿಜನ್ ಜೋಡಿಸಿ ಎರಡು ತುದಿಗೂ ಒಂದೊಂದು ಹೈಡ್ರೋಜನ್ ಇಟ್ಟಳು. ಎರಡೂ ಅಕ್ಕಪಕ್ಕ ಇದ್ದವು. ಆಕಾರವೇ ಬೇರೆ.

ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿದ್ದೆ. ಒಂದರಲ್ಲಿ ನೀರು. ಇನ್ನೊಂದರಲ್ಲಿ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ. ನೋಡಲು ಎರಡೂ ಒಂದೇ. ಎರಡಕ್ಕೂ ಒಂದೊಂದು ಹಸಿ ಆಲೂಗಡ್ಡೆ ಚೂರು ಹಾಕಿಸಿದೆ. ನೀರಿನಲ್ಲಿ ಏನೂ ಆಗಲಿಲ್ಲ. ಇನ್ನೊಂದರಲ್ಲಿ ಚೂರಿನ ಸುತ್ತ ಬುಸಬುಸ ನೊರೆ ಎದ್ದಿತು. ಆಲೂಗಡ್ಡೆಯಲ್ಲಿರುವ ಕೆಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ಒಡೆಯುತ್ತದೆ, ಆಕ್ಸಿಜನ್ ಹೊರಗೆ ಬರುತ್ತದೆ.

"ನೀನು ಪರೀಕ್ಷೆಯಲ್ಲಿ ಬರೆದದ್ದು ಈ ಲೋಟದ್ದು. ಕೇಳಿದ್ದು ಆ ಲೋಟದ್ದು."

"ಹಾಗಾದರೆ ನಾನು ಪುಟ್ಟ ಅಂಕಿ ಬದಲಿಸಿದ್ರೆ ಸಾಮಾನೇ ಬದಲಾಗಿಬಿಡುತ್ತಾ?"

ಅವಳ ಬಾಯಿಂದ ಈ ಮಾತು ಬಂದ ಮೇಲೆ ಚೌಕದ ಬಗ್ಗೆ ನಾನು ಇನ್ನೇನೂ ಹೇಳಬೇಕಾಗಲಿಲ್ಲ. ಇದನ್ನು ಬರೀ ತೆರೆಯಿಂದ ಸಾಧಿಸಬಹುದಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಬರೀ ಲೋಟದಿಂದಲೂ ಆಗುತ್ತಿರಲಿಲ್ಲ. ಆಲೂಗಡ್ಡೆಯ ನೊರೆ ನೋಡಿ ಮಕ್ಕಳು ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ.

ನೀರನ್ನು ಒಡೆದದ್ದು

ನೀರಿನ ವಿದ್ಯುದ್ವಿಭಜನೆ ಪುಸ್ತಕದಲ್ಲೇ ಇರುವ ಚಟುವಟಿಕೆ. ಪ್ಲಾಸ್ಟಿಕ್ ಮಗ್ಗಿನ ತಳಕ್ಕೆ ಎರಡು ಕಾರ್ಬನ್ ಕಡ್ಡಿ, ನೀರಿಗೆ ಕೆಲವು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ, 6 ವೋಲ್ಟ್ ಬ್ಯಾಟರಿ, ಕಡ್ಡಿಗಳ ಮೇಲೆ ನೀರು ತುಂಬಿ ಬೋರಲು ಹಾಕಿದ ಎರಡು ಪ್ರನಾಳ. ಕಾರ್ಬನ್ ಕಡ್ಡಿಯನ್ನು ಹಳೆಯ ಟಾರ್ಚ್ ಸೆಲ್ಲಿನಿಂದ ತೆಗೆದುಕೊಂಡೆವು. ಅಡುಗೆ ಉಪ್ಪು ಹಾಕಬಾರದು, ಕ್ಲೋರಿನ್ ಬರುತ್ತದೆ.

ಈ ಸಲ ಮೊದಲು ತೆರೆ, ಆಮೇಲೆ ಪ್ರಯೋಗ. ಸಿಮ್ಯುಲೇಷನ್‌ನಲ್ಲಿ ನೀರನ್ನು ಬೇರ್ಪಡಿಸಿದಳು. ಎರಡು ನೀರಿನ ಅಣುವಿಗೆ ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು. ಈಗ ಹೇಳು, ಯಾವ ಪ್ರನಾಳದಲ್ಲಿ ಅನಿಲ ಜಾಸ್ತಿ ತುಂಬುತ್ತದೆ, ಎಷ್ಟು ಜಾಸ್ತಿ? ಹೈಡ್ರೋಜನ್ ಇರುವುದರಲ್ಲಿ, ಸರಿಯಾಗಿ ಎರಡು ಪಟ್ಟು ಅಂದಳು. ಬ್ಯಾಟರಿಯ ಋಣ ತುದಿಗೆ ಸೇರಿದ ಪ್ರನಾಳದಲ್ಲಿ ಗುಳ್ಳೆಗಳು ರಭಸವಾಗಿ ಏರಿದವು. ಸ್ಕೇಲು ಹಿಡಿದು ಅಳೆದಳು. ಆಕ್ಸಿಜನ್ ಅರ್ಧದಷ್ಟು ಇರಲಿಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆಯೇ ಇತ್ತು.

"ಕಂಪ್ಯೂಟರ್ ತಪ್ಪಾ, ಇದು ತಪ್ಪಾ?" ಅಂತ ಕೇಳಿದಳು.

ಎರಡೂ ಅಲ್ಲ. ಆಕ್ಸಿಜನ್ ನೀರಿನಲ್ಲಿ ಹೈಡ್ರೋಜನ್‌ಗಿಂತ ಜಾಸ್ತಿ ಕರಗುತ್ತದೆ. ಅದೂ ಸಾಲದು ಅಂತ ಅಲ್ಲಿ ಹುಟ್ಟುವ ಆಕ್ಸಿಜನ್‌ನಲ್ಲಿ ಒಂದಿಷ್ಟು ಕಾರ್ಬನ್ ಕಡ್ಡಿಯ ಜೊತೆಗೇ ಸೇರಿಕೊಳ್ಳುತ್ತದೆ. ಕಡ್ಡಿ ಸವೆದು ನೀರು ಸ್ವಲ್ಪ ಕಪ್ಪಾದದ್ದನ್ನು ತೋರಿಸಿದೆ. ಇಡೀ ಕಲಿಕೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಅವಳದ್ದು ಇದೇ. ತೆರೆಯ ಮೇಲೆ ಎಲ್ಲವೂ ಯಾವಾಗಲೂ ಸರಿಯಾಗಿ ಎರಡಕ್ಕೆ ಒಂದು. ಮಗ್ಗಿನಲ್ಲಿ ಹಾಗಲ್ಲ. ಅಳತೆ ಹೊಂದದೇ ಹೋದಾಗ ಕಾರಣ ಹುಡುಕುವ ಅಭ್ಯಾಸ ತೆರೆಯಿಂದ ಬರುವುದಿಲ್ಲ. ಆದರೆ ಹೊಂದಬೇಕಾದದ್ದು ಇಷ್ಟು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಹೊಂದಲಿಲ್ಲ ಅನ್ನುವುದೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಕೊನೆಗೆ ಕೆಂಡವಾಗಿದ್ದ ಊದುಬತ್ತಿಯನ್ನು ಆಕ್ಸಿಜನ್ ಪ್ರನಾಳಕ್ಕೆ ಹಿಡಿದೆವು, ಹೊತ್ತಿಕೊಂಡಿತು. ಹೈಡ್ರೋಜನ್ ಪ್ರನಾಳದ ಪಟ್ ಶಬ್ದ ನಾನೇ ಮಾಡಿ ತೋರಿಸಿದೆ. ಅದನ್ನು ಮಕ್ಕಳ ಕೈಗೆ ಕೊಡುವುದು ಬೇಡ.

ಇಡ್ಲಿ-ವಡೆ, ವಾಂತಿ

ಬೇರೆ ಎರಡು ಸಿಮ್ಯುಲೇಷನ್‌ಗಳ ಮಾತು ಬೇಗ ಮುಗಿಸುತ್ತೇನೆ. ಯಾವ ವಸ್ತು ಮುಗಿದುಹೋಗುತ್ತದೆ, ಯಾವುದು ಉಳಿಯುತ್ತದೆ ಅನ್ನುವುದಕ್ಕೆ ಫೆಟ್‌ನಲ್ಲಿ ಸ್ಯಾಂಡ್‌ವಿಚ್ ಉದಾಹರಣೆ ಇದೆ. ಎರಡು ಬ್ರೆಡ್, ಒಂದು ಚೀಸ್. ನಮ್ಮ ಮಕ್ಕಳಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಒಂದು ಪ್ಲೇಟಿಗೆ ಎರಡು ಇಡ್ಲಿ, ಒಂದು ವಡೆ ಅಂದುಕೊಳ್ಳಿ, ಹೋಟೆಲಿನಲ್ಲಿ ಹತ್ತು ಇಡ್ಲಿ, ಏಳು ವಡೆ ಇವೆ ಅಂದೆ. ಐದು ಪ್ಲೇಟು, ಎರಡು ವಡೆ ಉಳಿಯಿತು ಅಂತ ಇಡೀ ತರಗತಿ ಒಟ್ಟಿಗೆ ಕೂಗಿತು.

ಇನ್ನೊಂದು ಪಿಎಚ್ ಅಳೆಯುವುದು. ಪಿಎಚ್ 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಪ್ರತ್ಯಾಮ್ಲ. ಅದರಲ್ಲಿ ಬ್ಯಾಟರಿ ಆಮ್ಲ, ಕಿತ್ತಳೆ ರಸ, ಕಾಫಿ, ಹಾಲು, ಸೋಪು ಹೀಗೆ ದ್ರವಗಳ ಪಟ್ಟಿ ಇದೆ. ವಾಂತಿಯೂ ಇದೆ, ಅದರ ಪಿಎಚ್ 2. ಎಲ್ಲರೂ ಮೊದಲು ಒತ್ತುವುದು ಅದನ್ನೇ, ಕೇಳಬೇಕಾ! ಇಲ್ಲಿಯೂ ಊಹೆ ಮೊದಲು. ಕಾಫಿಯ ಪಿಎಚ್ 5. ನಲ್ಲಿ ತಿರುಗಿಸಿ ನೀರು ಬೆರೆಸುತ್ತಾ ಹೋದರೆ? ಏರುತ್ತಾ ಏರುತ್ತಾ ಕೊನೆಗೆ 8, 9 ಆಗಿ ಪ್ರತ್ಯಾಮ್ಲ ಆಗುತ್ತದೆ ಅಂತ ನಮ್ಮ ಹುಡುಗಿಯೂ ಸೇರಿ ಬಹಳ ಮಂದಿ ಬರೆದರು. ನೀರು ಬಿಟ್ಟರು. ಮುಳ್ಳು 6 ದಾಟಿ 7ರ ಹತ್ತಿರ ತೆವಳಿತು, 7 ದಾಟಲಿಲ್ಲ. ನೀರಿನ ಪಿಎಚ್ಚೇ 7 ಅಲ್ವಾ, ಅದನ್ನು ಬೆರೆಸಿದರೆ ಅದಕ್ಕಿಂತ ಆಚೆ ಹೇಗೆ ಹೋಗುತ್ತದೆ? ಊಹೆಯನ್ನು ಬರೆದಿಟ್ಟಿದ್ದಕ್ಕೇ ಅವರಿಗೆ ಆಶ್ಚರ್ಯವಾಯಿತು. ಬರೆಯದೇ ಇದ್ದಿದ್ದರೆ 'ಗೊತ್ತಿತ್ತು ಮೇಡಂ' ಅಂದಿರುತ್ತಿದ್ದರು.

ತೆರೆಯಿಂದಲೇ ಹುಟ್ಟಿದ ತಪ್ಪುಗಳು

ಸಿಮ್ಯುಲೇಷನ್ ಹಳೆಯ ತಪ್ಪನ್ನು ತೆಗೆಯುವಾಗ ಕೆಲವು ಹೊಸ ತಪ್ಪುಗಳನ್ನೂ ಇಟ್ಟುಹೋಗುತ್ತದೆ.

ಒಂದು ಸಣ್ಣದು. "ಆಕ್ಸಿಜನ್ ಕೆಂಪಗಿರುತ್ತಾ ಮೇಡಂ?" ಅಂತ ಕೇಳಿದಳು. ಅಣುಗಳ ಮಾದರಿಯಲ್ಲಿ ಆಕ್ಸಿಜನ್‌ಗೆ ಕೆಂಪು, ಹೈಡ್ರೋಜನ್‌ಗೆ ಬಿಳಿ, ನೈಟ್ರೋಜನ್‌ಗೆ ನೀಲಿ ಹಾಕುವುದು ರಸಾಯನಶಾಸ್ತ್ರಜ್ಞರು ಮಾಡಿಕೊಂಡಿರುವ ರೂಢಿ. ಪರಮಾಣುವಿಗೆ ಬಣ್ಣ ಇಲ್ಲ. ಹೇಳಿದರೆ ಮುಗಿಯಿತು.

ಇನ್ನೊಂದು ಅಷ್ಟು ಸುಲಭವಲ್ಲ. ನಾವು ಬಳಸಿದ ಲೆಕ್ಕಗಳೆಲ್ಲ ಅಣುಗಳವು: ನೀರು, ಮೀಥೇನ್, ಅಮೋನಿಯಾ. ಲೋಹದ ಲವಣಗಳು ಅಲ್ಲಿ ಸಿಗಲಿಲ್ಲ. ಹಾಗಾಗಿ ಅಡುಗೆ ಉಪ್ಪು ಬಂದಾಗ ಅವಳು ಒಂದು ಸೋಡಿಯಂ, ಒಂದು ಕ್ಲೋರಿನ್ ಅಂಟಿಸಿ ಪುಟ್ಟ ಜೋಡಿ ಬರೆದಳು. ಬಹಳ ಅಂದವಾಗಿ. ಚಿತ್ರ ಬರೆಯುವುದನ್ನು ನಾನೇ ಕಲಿಸಿದ್ದೆನಲ್ಲ. ಆದರೆ ಉಪ್ಪಿನ ಹರಳಿನಲ್ಲಿ ಅಂಥ ಜೋಡಿ ಇಲ್ಲ. ಒಂದೊಂದು ಸೋಡಿಯಂ ಅಯಾನಿನ (ವಿದ್ಯುದಾವೇಶ ಇರುವ ಕಣದ) ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ, ಹೀಗೆ ಹರಳು ಮುಗಿಯುವವರೆಗೆ. ಅಲ್ಲಿ ಸೂತ್ರ ಹೇಳುವುದು ಅನುಪಾತ ಮಾತ್ರ. ಇದನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲೇ ಬರೆದು ತೋರಿಸಬೇಕಾಯಿತು.

ಮೊಬೈಲಿನ ವಿಷಯವೂ ಒಂದು ಇದೆ. ಮನೆಯಲ್ಲಿ ಅಮ್ಮನ ಫೋನಿನಲ್ಲಿ ಅಭ್ಯಾಸ ಮಾಡಲಿ ಅಂತ ಫೈಲು ಕಳಿಸಿದ್ದೆ. ತೆರೆದುಕೊಳ್ಳುತ್ತದೆ. ಆದರೆ ಅಷ್ಟು ಚಿಕ್ಕ ತೆರೆಯಲ್ಲಿ ಬಾಣ ಒತ್ತಲು ಹೋದರೆ ಪಕ್ಕದ ಅಂಕಿ ಬದಲಾಗುತ್ತದೆ. ಅದಕ್ಕಿಂತ ಮುಖ್ಯ, ಅಲ್ಲಿ ಪೆಟ್ಟಿಗೆ ಮುಚ್ಚು ಅನ್ನುವವರು ಯಾರೂ ಇಲ್ಲ. ಮನೆಯಿಂದ ಬರುವಾಗ ಅಂಕ ತರುತ್ತಿದ್ದಳು, ಚಿತ್ರ ತರುತ್ತಿರಲಿಲ್ಲ. ಆಮೇಲೆ ಮನೆಗೆ ಕೊಡುವುದನ್ನು ನಿಲ್ಲಿಸಿದೆ. ಮನೆಯಲ್ಲಿ ಪೆನ್ಸಿಲ್, ಶಾಲೆಯಲ್ಲಿ ತೆರೆ.

ಈಗಿನ ಸ್ಥಿತಿ

ಪವಾಡ ಏನೂ ಆಗಿಲ್ಲ. ಆದರೆ ಕೆಳಗಿನ ಅಂಕಿಗೆ ಅವಳು ಈಗ ಕೈ ಹಾಕುವುದಿಲ್ಲ. ಕಬ್ಬಿಣ ಮತ್ತು ಹಬೆಯ ಸಮೀಕರಣವನ್ನು, 3, 4, 1, 4 ಅಂತ, ಬಾಯಿಪಾಠ ಇಲ್ಲದೆ ಬಿಡಿಸುತ್ತಾಳೆ. ಅದರಲ್ಲಿ 4 ಬರುತ್ತದೆ, ಪರಿಚಯದ ಭಾಗದ ಬಾಣ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಅಂದರೆ ತೆರೆಯ ಹೊರಗೂ ಕೈ ಓಡುತ್ತಿದೆ ಅಂತ ಅರ್ಥ. ನಾಲ್ಕು ನೀರಿನ ಅಣುಗಳನ್ನು ಬಿಡಿಬಿಡಿಯಾಗಿಯೇ ಬರೆಯುತ್ತಾಳೆ. ತರಗತಿಯ ಉಳಿದವರಿಗೂ ಈಗ ಇದೇ ಕ್ರಮ. ಒಂದು ಕಂಪ್ಯೂಟರಿಗೆ ಮೂವರು: ಒಬ್ಬರು ಊಹಿಸಿ ಹೇಳುವುದು, ಒಬ್ಬರು ಬರೆಯುವುದು, ಕೊನೆಯವರು ಒತ್ತುವುದು. ಒತ್ತುವವರಿಗೆ ಬಾಯಿ ಬಿಡುವ ಹಕ್ಕಿಲ್ಲ. ಇದಕ್ಕೆ ಗಲಾಟೆ ಜಾಸ್ತಿ, ಪಾಠವೂ ನಿಧಾನ. ಅಧ್ಯಾಯ ಮುಗಿಯುವುದು ತಡವಾಗುತ್ತದೆ ಅಂತ ಮೇಲಿನಿಂದ ಕೇಳುತ್ತಲೇ ಇರುತ್ತಾರೆ.

ಹುಡುಗಿ ಈಗ ಎಡವುತ್ತಿರುವುದು ಆವರಣ (ಬ್ರಾಕೆಟ್) ಇರುವ ಸೂತ್ರಗಳಲ್ಲಿ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಲ್ಲಿ ಆವರಣದ ಹೊರಗಿನ 2 ಆಕ್ಸಿಜನ್‌ಗೂ ಸೇರುತ್ತದೆ ಅನ್ನುವುದನ್ನು ಮರೆಯುತ್ತಾಳೆ. ಮುಂದೆ ಇನ್ನೊಂದು 2 ಬಂದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಇದಕ್ಕೆ ಹೊಂದುವ ಸಿಮ್ಯುಲೇಷನ್ ನನಗೆ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಹಳೆಯ ಮದುವೆ ಪತ್ರಿಕೆಗಳನ್ನು ಚೂರು ಮಾಡಿ, ಒಂದೊಂದರ ಮೇಲೂ ಒಂದೊಂದು ಅಯಾನು ಬರೆದು, ಮೇಜಿನ ಮೇಲೆ ಜೋಡಿಸುತ್ತಿದ್ದೇವೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಕ್ರಿಯೆ ಮುಗಿದಿದೆ. ಈ ವಾರ ಅಲ್ಯೂಮಿನಿಯಂ ಸಲ್ಫೇಟ್.